ಗಡಿಯಾರ ಕಲಿಸುವ ಪುಸ್ತಕಗಳು: ಕೈಗೆಷ್ಟು, ತಲೆಗೆಷ್ಟು?

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿರುವ ಸುರೇಬಾನ ನೇಕಾರರ ಊರು. ಶಬರಿಕೊಳ್ಳಕ್ಕೆ ಹೋಗಿಬರುವವರಿಗೆ ಪರಿಚಿತವಾದ ಹೆಸರು. ಇಲ್ಲಿನ ಪೇಟೆಯಲ್ಲಿ ಗಾಜು ಕೂಡಿಸಿದ ಸಣ್ಣ ಮೇಜಿನ ಹಿಂದೆ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂರುವ ಹಿರಿಯ ರಿಪೇರಿಗಾರರೊಬ್ಬರಿದ್ದಾರೆ. ನನ್ನ ತಂದೆಯವರು ಕಟ್ಟುತ್ತಿದ್ದ, ಚಾವಿ ಕೊಡುವ ಎಚ್‌ಎಂಟಿ ಕೈಗಡಿಯಾರವನ್ನು ಅವರ ಬಳಿ ಒಯ್ದಿದ್ದೆ. ಅವರು ಅದನ್ನು ಕಿವಿಗೆ ಹಿಡಿದು, ಅಂಗೈ ಮೇಲೆ ಮಲಗಿಸಿ, ಮತ್ತೆ ನೆಟ್ಟಗೆ ಹಿಡಿದು, "ಮಲಗಿಸಿದ್ರ ಮುಂದ ಓಡತೈತ್ರಿ, ನಿಂದ್ರಿಸಿದ್ರ ಹಿಂದ ಬೀಳತೈತಿ" ಎಂದರು. "ಯಾಕ್ರಿ ಯಜಮಾನ್ರ?" ಎಂದು ಕೇಳಿದೆ. "ಯಾಕ ಅಂತ ನೀವು ಹೇಳಬೇಕ್ರಿ ಸರ, ಸಾಲಿ ಕಲಿಸೋರು" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಇನ್ನೊಂದು ಮಾತು ಹೇಳಿದರು. "ಮೊಮ್ಮಗ ಎಸ್ಸೆಸ್ಸೆಲ್ಸಿ ಮುಗಿಸ್ಯಾನ. ಈ ಕೆಲಸ ಕಲೀತೀನಿ ಅಂತಾನ. ನನ್ನ ಕೈಗೆ ಗೊತ್ತೈತಿ, ಬಾಯಿಲೆ ಹೇಳಾಕ ಬರಂಗಿಲ್ಲ. ಯಾವುದಾರ ಪುಸ್ತಕ ಐತೇನ್ರಿ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಎರಡು ಇಂಗ್ಲಿಷ್ ಪುಸ್ತಕಗಳನ್ನು ಓದಿದೆ. ಒಂದು, ಡೊನಾಲ್ಡ್ ಡಿ ಕಾರ್ಲ್ ಅವರ 'ಪ್ರಾಕ್ಟಿಕಲ್ ವಾಚ್ ರಿಪೇರಿಂಗ್'. ಮೊದಲು ಪ್ರಕಟವಾದದ್ದು 1946ರಲ್ಲಿ. ಇನ್ನೊಂದು, ಜಾರ್ಜ್ ಡೇನಿಯಲ್ಸ್ ಅವರ 'ವಾಚ್‌ಮೇಕಿಂಗ್', 1981ರದು. ಎರಡೂ ತಮ್ಮ ಕ್ಷೇತ್ರದಲ್ಲಿ ಹೆಸರಾದ ಗ್ರಂಥಗಳು. ಆದರೆ ಅವುಗಳ ಕೀರ್ತಿಯನ್ನು ಒಪ್ಪಿಸುವುದು ಈ ಲೇಖನದ ಉದ್ದೇಶವಲ್ಲ. ಸುರೇಬಾನದ ಒಬ್ಬ ಹುಡುಗನಿಗೆ, ಅವನ ವಿಜ್ಞಾನ ಶಿಕ್ಷಕರಿಗೆ ಇವು ಎಷ್ಟು ಉಪಯೋಗಕ್ಕೆ ಬರುತ್ತವೆ? ನಮ್ಮ ಶಾಲೆಯ ಪಾಠ ಇವುಗಳ ಪಕ್ಕದಲ್ಲಿ ಹೇಗೆ ಕಾಣುತ್ತದೆ? ಇದನ್ನು ಪರಿಶೀಲಿಸೋಣ.

ಚಾವಿ ಕೊಟ್ಟಾಗ ಒಳಗೆ ಏನಾಗುತ್ತದೆ?

ಪುಸ್ತಕಗಳ ಗುಣದೋಷ ನೋಡುವ ಮೊದಲು ಗಡಿಯಾರದ ಒಳಗನ್ನು ಒಮ್ಮೆ ನೋಡಬೇಕು. ಚಾವಿ ಕೊಟ್ಟಾಗ ಡಬ್ಬಿಯೊಳಗಿನ ಮುಖ್ಯ ಸ್ಪ್ರಿಂಗ್ ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದು ಹಿಂದಕ್ಕೆ ಬಿಚ್ಚದಂತೆ ಒಂದು ಹಲ್ಲುಚಕ್ರವೂ ಅದನ್ನು ತಡೆಯುವ ನಾಲಿಗೆಯೂ ಇವೆ. ನೇಕಾರರ ಮನೆಯ ಮಕ್ಕಳು ಇದನ್ನು ಬೇಗ ಗುರುತಿಸುತ್ತಾರೆ. ನೇಯ್ದ ಬಟ್ಟೆಯನ್ನು ಸುತ್ತುವ ಮಗ್ಗದ ಉರುಳೆಯನ್ನು ಹಿಂದಕ್ಕೆ ಜಾರದಂತೆ ಹಿಡಿಯುವುದೂ ಇದೇ ಉಪಾಯ.

ಸ್ಪ್ರಿಂಗಿನ ಬಲ ಹಲ್ಲುಚಕ್ರಗಳ ಸರಣಿಯ ಮೂಲಕ ಕೊನೆಯ ಎಸ್ಕೇಪ್ ಚಕ್ರವನ್ನು ತಲುಪುತ್ತದೆ. ಯಾರೂ ತಡೆಯದಿದ್ದರೆ ಈ ಚಕ್ರಗಳು ಗಿರ್ರನೆ ತಿರುಗಿ ಕೆಲವೇ ಕ್ಷಣಗಳಲ್ಲಿ ಸ್ಪ್ರಿಂಗ್ ಖಾಲಿಯಾಗುತ್ತದೆ. ಹಾಗಾಗದಂತೆ ಒಂದೊಂದೇ ಹಲ್ಲನ್ನು ಹಿಡಿದು ಬಿಡುವುದು ಪ್ಯಾಲೆಟ್ ಎಂಬ ಕವಲು. ಆ ಕವಲಿಗೆ ಹೊತ್ತುಗೊತ್ತು ಹೇಳುವುದು ಬ್ಯಾಲೆನ್ಸ್ ಚಕ್ರ ಮತ್ತು ಅದಕ್ಕೆ ಅಂಟಿದ ಕೂದಲೆಳೆಯಂಥ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್. ಪ್ರತಿ ಸಲ ಹಲ್ಲೊಂದು ಬಿಡುಗಡೆಯಾದಾಗ ಬ್ಯಾಲೆನ್ಸ್ ಚಕ್ರಕ್ಕೂ ಒಂದು ಸಣ್ಣ ತಳ್ಳು ಸಿಗುತ್ತದೆ. ಘರ್ಷಣೆಯಿಂದ ಕಳೆದುಕೊಂಡ ಶಕ್ತಿ ಹೀಗೆ ಮರಳಿ ಬರುತ್ತದೆ. ಈ ಹಿಡಿದು ಬಿಡುವ ವ್ಯವಸ್ಥೆಗೆ ಎಸ್ಕೇಪ್‌ಮೆಂಟ್ ಎಂದು ಹೆಸರು. ನಾವು ಕೇಳುವ ಟಿಕ್ ಟಿಕ್ ಇದರದೇ ಸದ್ದು.

ಎಚ್‌ಎಂಟಿಯ ಸಾಮಾನ್ಯ ಚಾವಿ ಗಡಿಯಾರದಲ್ಲಿ ಗಂಟೆಗೆ 18,000 ಬಡಿತಗಳು. ಸೆಕೆಂಡಿಗೆ 5, ದಿನಕ್ಕೆ 4,32,000. ಎಸ್ಕೇಪ್ ಚಕ್ರಕ್ಕೆ 15 ಹಲ್ಲುಗಳಿದ್ದು, ಒಂದು ಹಲ್ಲು ದಾಟಲು ಎರಡು ಬಡಿತ ಬೇಕಾದರೆ, ಒಂದು ಸುತ್ತಿಗೆ 30 ಬಡಿತ, ಅಂದರೆ 6 ಸೆಕೆಂಡು. ನಿಮಿಷಕ್ಕೆ 10 ಸುತ್ತು. ಇಲ್ಲಿಂದ ನಿಮಿಷದ ಮುಳ್ಳಿನವರೆಗಿನ ಹಲ್ಲುಗಳ ಅನುಪಾತವನ್ನು ಎಂಟನೆಯ ತರಗತಿಯ ಗಣಿತದಿಂದಲೇ ಹಾಕಬಹುದು.

ಈ ಗಡಿಯಾರ ದಿನಕ್ಕೆ 30 ಸೆಕೆಂಡು ತಪ್ಪಿದರೆ ನಾವು ಗೊಣಗುತ್ತೇವೆ. ದಿನಕ್ಕೆ 86,400 ಸೆಕೆಂಡು. ಆದ್ದರಿಂದ ಆ ತಪ್ಪು 2,880ರಲ್ಲಿ ಒಂದು ಪಾಲು, ಅಂದರೆ ಶೇಕಡಾ 0.035. ಪ್ರಯೋಗಶಾಲೆಯಲ್ಲಿ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಅಳೆದಾಗ ಶೇಕಡಾ 1ರ ತಪ್ಪು ಬಂದರೆ ಪೂರ್ಣ ಅಂಕ ಕೊಡುತ್ತೇವೆ ಎಂಬುದನ್ನು ನೆನೆದರೆ ಈ ಯಂತ್ರದ ನಿಖರತೆ ಅರ್ಥವಾಗುತ್ತದೆ.

ಕೈಗೆ ಕಲಿಸುವ ಪುಸ್ತಕ

ಡಿ ಕಾರ್ಲ್ ಅವರ ಪುಸ್ತಕ ರಿಪೇರಿಗಾರನ ಮೇಜಿನ ಮೇಲೆ ಬಿಚ್ಚಿಡಲೆಂದೇ ಬರೆದದ್ದು. ಉಪಕರಣಗಳಿಂದ ಆರಂಭಿಸಿ ಪರೀಕ್ಷಿಸುವುದು, ಬಿಚ್ಚುವುದು, ಶುಚಿ ಮಾಡುವುದು, ಜೋಡಿಸುವುದು ಎಂದು ಕೆಲಸದ ಕ್ರಮದಲ್ಲೇ ಸಾಗುತ್ತದೆ. ನೂರಾರು ರೇಖಾಚಿತ್ರಗಳಿವೆ. ಛಾಯಾಚಿತ್ರದಲ್ಲಿ ಎಲ್ಲವೂ ಒಟ್ಟಿಗೆ ಕಾಣುತ್ತದೆ. ರೇಖಾಚಿತ್ರ ಬೇಕಾದ ಭಾಗವನ್ನಷ್ಟೇ ಎತ್ತಿ ತೋರಿಸುತ್ತದೆ. ಭಾಷೆ ಬಾರದ ಹುಡುಗನಿಗೂ ಅರ್ಧ ಪಾಠ ಚಿತ್ರದಿಂದಲೇ ಸಿಗುವಂತಿರುವುದು ಈ ಪುಸ್ತಕದ ದೊಡ್ಡ ಗುಣ.

ಇನ್ನೊಂದು ಗುಣ, ಕ್ರಮದ ಬಗೆಗಿನ ನಿಷ್ಠೆ. ಉದಾಹರಣೆಗೆ, ಯಾವ ಚಕ್ರವನ್ನೂ ತೆಗೆಯುವ ಮೊದಲು ಮುಖ್ಯ ಸ್ಪ್ರಿಂಗಿನ ಬಿಗಿತವನ್ನು ಮೆಲ್ಲಗೆ ಇಳಿಸಬೇಕು ಎಂಬುದು ಈ ಕಸುಬಿನ ಮೊದಲ ನಿಯಮ. ಇದನ್ನು ಮರೆತರೆ ಕವಲು ತೆಗೆದ ಕ್ಷಣವೇ ಚಕ್ರಗಳು ಹುಚ್ಚೆದ್ದು ತಿರುಗಿ ಹಲ್ಲು, ಮೊನೆ ಮುರಿಯಬಹುದು. ನಾನು ಹೈಸ್ಕೂಲಿನಲ್ಲಿದ್ದಾಗ ಹಳೆಯ ಗಡಿಯಾರವೊಂದನ್ನು ಹೀಗೆಯೇ ಬಿಚ್ಚಿ ಕೆಡಿಸಿದ್ದೆ. ಸಂಗ್ರಹಿತ ಶಕ್ತಿ ಎಂದರೇನು ಎಂಬುದು ಅಂದು ತಿಳಿದಷ್ಟು ಸ್ಪಷ್ಟವಾಗಿ ಮುಂದೆ ತರಗತಿಯಲ್ಲಿ ತಿಳಿಯಲಿಲ್ಲ.

ಕೊರತೆಯೂ ಇದೆ. ಕಾರಣಗಳನ್ನು ಈ ಪುಸ್ತಕ ಹೇಳುವುದೇ ಇಲ್ಲವೆಂದಲ್ಲ. ಆದರೆ ಕಾರಣ ಕ್ರಮದ ಹಿಂದೆ ನಿಲ್ಲುತ್ತದೆ. ಎಣ್ಣೆಯನ್ನೇ ತೆಗೆದುಕೊಳ್ಳಿ. ನಿಧಾನವಾಗಿ ತಿರುಗುವ, ಹೆಚ್ಚು ಒತ್ತಡದ ಅಕ್ಷಗಳಿಗೆ ಮಂದ ಎಣ್ಣೆ, ಬ್ಯಾಲೆನ್ಸಿನ ಮೊನೆಗೆ ತೆಳು ಎಣ್ಣೆ, ಹಲ್ಲುಗಳ ಮೈಗೆ ಎಣ್ಣೆ ಬೇಡ. ಇದು ರಿಪೇರಿಯ ಪಾಠ. ಹೊಸದಾಗಿ ಕಲಿಯುವವನು ಎಲ್ಲೆಡೆ ಎಣ್ಣೆ ಸುರಿಯುವುದು ಯಾಕೆ ತಪ್ಪು ಎಂದು ಅರ್ಥವಾಗಬೇಕಾದರೆ ರತ್ನದ ಆಕಾರ ನೋಡಬೇಕು. ಮೊನೆ ಕೂರುವ ರತ್ನದ ರಂಧ್ರದ ಸುತ್ತ ಬಟ್ಟಲಿನಂಥ ತಗ್ಗು ಇರುತ್ತದೆ. ಬ್ಯಾಲೆನ್ಸಿನಲ್ಲಿ ಅದರ ಮೇಲೆ ಇನ್ನೊಂದು ಚಪ್ಪಟೆ ರತ್ನವಿದ್ದು, ಎರಡರ ನಡುವಿನ ಕಿರಿದಾದ ಸಂದಿನಲ್ಲಿ ಹನಿ ನಿಲ್ಲುತ್ತದೆ. ಅದನ್ನು ಹಿಡಿದಿಡುವುದು ಕೇಶಾಕರ್ಷಣೆ ಮತ್ತು ಮೇಲ್ಮೈ ಎಳೆತ. ಹನಿ ಹೆಚ್ಚಾದರೆ ಸಂದಿನಿಂದ ಹೊರಬಂದು ತಗಡಿನ ಮೇಲೆ ಹರಡುತ್ತದೆ. ಮೊನೆಯ ಬಳಿ ಇದ್ದ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ಹೆಚ್ಚು ಎಣ್ಣೆ ಹಾಕಿದ ಗಡಿಯಾರ ಒಣಗಿ ನಿಲ್ಲುವುದು ಹೀಗೆ! ಈ ವಿವರಣೆ ಸಿಕ್ಕವನು ನಿಯಮವನ್ನು ಮರೆಯುವುದಿಲ್ಲ.

ತಲೆಗೆ ಕಲಿಸುವ ಪುಸ್ತಕ

ಜಾರ್ಜ್ ಡೇನಿಯಲ್ಸ್ (1926–2011) ಇಂಗ್ಲೆಂಡಿನವರು. ಸೈನ್ಯದಿಂದ ಮರಳಿ ರಿಪೇರಿಗಾರರಾಗಿ ಬದುಕು ಆರಂಭಿಸಿ, ಸಂಜೆ ತರಗತಿಗಳಲ್ಲಿ ಗಡಿಯಾರ ಶಾಸ್ತ್ರ ಕಲಿತರು. ಮುಂದೆ ಒಂದು ಗಡಿಯಾರದ ಬಹುತೇಕ ಎಲ್ಲ ಭಾಗಗಳನ್ನೂ ಒಬ್ಬನೇ ತಯಾರಿಸುವ ಮಟ್ಟಕ್ಕೇರಿದರು. ಅವರ ಪುಸ್ತಕ ಕಾರ್ಯಾಗಾರ ಕಟ್ಟುವುದರಿಂದ ಹಿಡಿದು ಕಡೆಯುವುದು, ಹಲ್ಲು ಕೊರೆಯುವುದು, ರತ್ನ ಕೂಡಿಸುವುದು, ಎಸ್ಕೇಪ್‌ಮೆಂಟ್ ರಚಿಸುವುದು, ಕೇಸು ಮತ್ತು ಡಯಲ್ ಮಾಡುವುದರವರೆಗೆ ಹೋಗುತ್ತದೆ.

ಈ ಪುಸ್ತಕದ ಶಕ್ತಿ ಇರುವುದು ಎಸ್ಕೇಪ್‌ಮೆಂಟಿನ ಅಧ್ಯಾಯದಲ್ಲಿ. ಒಂದು ಭಾಗ ಹೇಗಿದೆ ಎಂದಷ್ಟೇ ಹೇಳದೆ, ಹಾಗೇ ಏಕಿರಬೇಕು, ಬೇರೆಯಾದರೆ ಏನು ಕೆಡುತ್ತದೆ ಎಂಬ ಚರ್ಚೆ ಅಲ್ಲಿದೆ. ಸಾಮಾನ್ಯ ಕವಲಿನ ಎಸ್ಕೇಪ್‌ಮೆಂಟಿನಲ್ಲಿ ಚಕ್ರದ ಹಲ್ಲು ಕವಲಿನ ರತ್ನದ ಮೇಲೆ ಜಾರುತ್ತ ತಳ್ಳು ಕೊಡುತ್ತದೆ. ಜಾರುವ ಜಾಗಕ್ಕೆ ಎಣ್ಣೆ ಬೇಕು. ಎಣ್ಣೆ ಮಂದವಾದಂತೆ ತಳ್ಳು ಕುಂದುತ್ತದೆ, ಕಾಲ ತಪ್ಪುತ್ತದೆ. ಜಾರುವಿಕೆಯನ್ನೇ ಕಡಿಮೆ ಮಾಡಿದರೆ? ಈ ಪ್ರಶ್ನೆಯಿಂದ ಹುಟ್ಟಿದ್ದು ಡೇನಿಯಲ್ಸರ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟ್. ಸ್ವಿಟ್ಜರ್ಲೆಂಡಿನ ಒಮೇಗಾ ಕಂಪನಿ 1999ರಲ್ಲಿ ಇದನ್ನು ಅಳವಡಿಸಿದ ಗಡಿಯಾರವನ್ನು ಮಾರುಕಟ್ಟೆಗೆ ತಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಣ್ಣೆ ಒಣಗುವುದು, ಧೂಳು ಸೇರಿ ಅಂಟಾಗುವುದು ಸುರೇಬಾನದ ಮೇಜಿನ ನಿತ್ಯದ ಸಮಸ್ಯೆ. ಎರೆಮಣ್ಣಿನ ಧೂಳು, ಮಗ್ಗದ ನೂಲಿನ ಜುಂಗು ಕಂಡ ನಮ್ಮ ಹಿರಿಯರು ಅದನ್ನು ಸಾವಿರ ಸಲ ಒರೆಸಿ ತೆಗೆದಿದ್ದಾರೆ. ಡೇನಿಯಲ್ಸ್ ನೋಡಿದ್ದೂ ಅದೇ ಒಣಗಿದ ಎಣ್ಣೆಯನ್ನು. ವ್ಯತ್ಯಾಸ ಕೈಚಳಕದಲ್ಲಿಲ್ಲ, ಬುದ್ಧಿಯಲ್ಲೂ ಇಲ್ಲ. ಕಂಡದ್ದನ್ನು ಪ್ರಶ್ನೆಯಾಗಿಸಲು ಬೇಕಾದ ಸಂಜೆ ತರಗತಿ ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ.

ಆದರೂ ಈ ಪುಸ್ತಕವನ್ನು ಹಾಗೆಯೇ ಹುಡುಗನ ಕೈಗೆ ಕೊಡಲಾಗದು. ನಿಖರವಾದ ಲೇತು, ಹಲ್ಲು ಕೊರೆಯುವ ಯಂತ್ರ, ಡಯಲಿನ ಮೇಲೆ ನಮೂನೆ ಕೆತ್ತುವ ಯಂತ್ರ ಇವೆಲ್ಲ ಇರುವ ಕಾರ್ಯಾಗಾರವನ್ನು ಅದು ಅಪೇಕ್ಷಿಸುತ್ತದೆ. ಅದರ ಆದರ್ಶ ಶ್ರೀಮಂತ ಸಂಗ್ರಾಹಕನಿಗಾಗಿ ಮಾಡಿದ ಒಂಟಿ ಗಡಿಯಾರ. ರೈತನ ಮಣಿಕಟ್ಟಿನ ಗಡಿಯಾರವಲ್ಲ. ಪುಸ್ತಕದಿಂದಲೇ ಕಲಿಯಬಹುದೇ ಎಂಬುದಕ್ಕೆ ರೋಜರ್ ಸ್ಮಿತ್ ಎಂಬ ಇಂಗ್ಲಿಷ್ ತರುಣನ ಕಥೆ ಸಾಕ್ಷಿ. ಆತ ಈ ಪುಸ್ತಕವನ್ನು ಅನುಸರಿಸಿ ಒಂದು ಗಡಿಯಾರ ಮಾಡಿ ಡೇನಿಯಲ್ಸರಿಗೆ ತೋರಿಸಿದಾಗ, ಅದರಲ್ಲಿ ಕೈಕೆಲಸದ ಗುರುತು ಎದ್ದು ಕಾಣುತ್ತಿದೆಯೆಂದು ಅವರು ಒಪ್ಪಲಿಲ್ಲ. ಎರಡನೆಯದಕ್ಕೆ ಐದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು, ಅದನ್ನು ಒಪ್ಪಿದರು. ಆದರೆ ಸ್ಮಿತ್ ಅದಕ್ಕೂ ಮೊದಲು ಮ್ಯಾಂಚೆಸ್ಟರಿನ ಗಡಿಯಾರ ಶಾಲೆಯಲ್ಲಿ ಕಲಿತಿದ್ದ ಎಂಬುದನ್ನು ಮರೆಯಬಾರದು. ಪುಸ್ತಕ ಗುರುವಾಗಬಲ್ಲದು, ಆದರೆ ಕೈ ಸ್ವಲ್ಪ ಪಳಗಿದ ಮೇಲೆ.

ಕಾರ್ಖಾನೆ ಮುಚ್ಚಿದ ಮೇಲೆ

'ರಿಪೇರಿಗೆ ಡಿ ಕಾರ್ಲ್ ಸಾಕಲ್ಲ, ತಯಾರಿಕೆಯ ಪುಸ್ತಕ ನಮಗೇಕೆ?' ಎಂದು ಕೇಳಬಹುದು. ಇದಕ್ಕೆ ಉತ್ತರ ನಮ್ಮ ನಾಡಿನ ಕೈಗಾರಿಕೆಯ ಇತಿಹಾಸದಲ್ಲಿದೆ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಗಡಿಯಾರ ಕಾರ್ಖಾನೆ ತೆರೆಯಿತು. 1978ರಲ್ಲಿ ತುಮಕೂರಿನಲ್ಲೂ ಘಟಕ ಬಂತು. ಜನತಾ, ಪೈಲಟ್, ಸೋನಾ ಮುಂತಾದ ಹೆಸರಿನ ಗಡಿಯಾರಗಳು ಹಳ್ಳಿಹಳ್ಳಿಗೆ ತಲುಪಿದವು. ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯಲ್ಲಿ ಮೇಷ್ಟರಿಗೆ ಇದೇ ಉಡುಗೊರೆ. ಒಂದು ಗಡಿಯಾರದ ಭಾಗ ಅದೇ ಮಾದರಿಯ ಇನ್ನೊಂದಕ್ಕೆ ಹೊಂದುವಂತೆ ಅಳತೆ ಕಾಯ್ದುಕೊಂಡದ್ದು ಕಾರ್ಖಾನೆಯ ನಿಜವಾದ ಸಾಧನೆ. ಇದರಿಂದ ರಿಪೇರಿ ಸುಲಭವಾಯಿತು. ಕೆಟ್ಟ ಭಾಗ ತೆಗೆ, ಹೊಸದು ಹಾಕು. ಸಾವಿರಾರು ಜನ ಈ ಕಸುಬಿನಿಂದ ಅನ್ನ ಕಂಡರು.

ಆದರೆ ಇದೇ ಸೌಲಭ್ಯ ಕಲಿಕೆಯನ್ನು ಕುಗ್ಗಿಸಿತು ಎಂಬುದು ನನ್ನ ಅಭಿಪ್ರಾಯ. ಭಾಗ ಬದಲಿಸುವವನಿಗೆ ಆ ಭಾಗದ ತರ್ಕ ಬೇಕಾಗಲಿಲ್ಲ. ಈ ನಡುವೆ ಸ್ಫಟಿಕದ ಗಡಿಯಾರ ಬಂತು. ಜಪಾನಿನ ಸೈಕೊ 1969ರ ಡಿಸೆಂಬರಿನಲ್ಲಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತ್ತು. ನಮ್ಮಲ್ಲಿ 1984ರಲ್ಲಿ ಸ್ಥಾಪನೆಯಾದ ಟೈಟನ್, ಹೊಸೂರಿನ ಕಾರ್ಖಾನೆಯಿಂದ ಅದನ್ನು ಮನೆಮಾತಾಗಿಸಿತು. ಇಂದಿನ ಸಾಮಾನ್ಯ ಕ್ವಾರ್ಟ್ಜ್ ಗಡಿಯಾರದಲ್ಲಿ ಸೆಕೆಂಡಿಗೆ 5 ಬಡಿತದ ಜಾಗದಲ್ಲಿ 32,768 ಕಂಪನ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಈಗ ಉಳಿದಿರುವುದು ಹಳೆಯ ದಾಸ್ತಾನು ಮತ್ತು ಗುಜರಿ ಗಡಿಯಾರಗಳಿಂದ ಕಿತ್ತ ಭಾಗಗಳು. ಅವು ಮುಗಿದ ದಿನ ರಿಪೇರಿಗಾರ ತಯಾರಕನೂ ಆಗಬೇಕು, ಇಲ್ಲವೇ ಮೇಜು ಮಡಚಬೇಕು. ಆದ್ದರಿಂದಲೇ ಮೊಮ್ಮಗ ಕಲಿಯಬೇಕಾದದ್ದು ಅಜ್ಜ ಕಲಿತದ್ದಕ್ಕಿಂತ ಹೆಚ್ಚು. ಕನಿಷ್ಠ ಒಂದು ಅಕ್ಷವನ್ನು ಕಡೆದು ಹೊಳಪು ಕೊಡುವಷ್ಟಾದರೂ ಅವನಿಗೆ ಬರಬೇಕು. ಅದನ್ನು ಡಿ ಕಾರ್ಲ್ ಅವರೂ ಕಲಿಸುತ್ತಾರೆ. ಹಾಗೆ ಕಡೆದ ಅಕ್ಷದ ಆಕಾರ ಏಕೆ ಹೀಗೆ ಎಂದು ಡೇನಿಯಲ್ಸ್ ತಿಳಿಸುತ್ತಾರೆ.

ಶಾಲೆಯ ಪಾಠದ ಕೊರತೆ

ಈಗ ನಮ್ಮ ಕಡೆ ತಿರುಗೋಣ. ಕಾಲದ ಅಳತೆ ಎಂದರೆ ಶಾಲೆಯಲ್ಲಿ ಲೋಲಕ. ದಾರ, ಗುಂಡು, 20 ಆಂದೋಲನ, ಆವರ್ತ ಕಾಲ. ಪಾಠ ಇಲ್ಲಿಗೆ ನಿಲ್ಲುತ್ತದೆ. ಗುಂಡು ಸ್ವಲ್ಪ ಹೊತ್ತಿನಲ್ಲಿ ನಿಂತುಬಿಡುತ್ತದಲ್ಲ, ಗಡಿಯಾರ ಹೇಗೆ ನಿಲ್ಲದೆ ನಡೆಯುತ್ತದೆ ಎಂಬ ಸಹಜ ಪ್ರಶ್ನೆಗೆ ಉತ್ತರವಿಲ್ಲ. ಅಂದರೆ ಎಸ್ಕೇಪ್‌ಮೆಂಟೇ ಪಾಠದಿಂದ ಬಿಟ್ಟುಹೋಗಿದೆ. ಲೋಲಕವಿರುವ ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡು ನಡೆಯಲು ಏಕೆ ಆಗುವುದಿಲ್ಲ ಎಂಬುದೂ ಚರ್ಚೆಗೆ ಬರುವುದಿಲ್ಲ.

ಹೈಗೆನ್ಸ್ 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ. 1675ರಲ್ಲಿ ಸುರುಳಿ ಸ್ಪ್ರಿಂಗ್ ಇರುವ ಬ್ಯಾಲೆನ್ಸ್ ಚಕ್ರವನ್ನು ಪ್ರಕಟಿಸಿದ. ಈ ಎರಡನೆಯ ಹೆಜ್ಜೆಯ ಮಹತ್ವ ಇಷ್ಟು: ಲೋಲಕವನ್ನು ಮರಳಿ ಎಳೆಯುವುದು ಗುರುತ್ವ, ಬ್ಯಾಲೆನ್ಸ್ ಚಕ್ರವನ್ನು ಮರಳಿ ತಿರುಗಿಸುವುದು ಸ್ಪ್ರಿಂಗ್. ಅದರ ಆವರ್ತ ಕಾಲ, ಚಕ್ರದ ಜಡತ್ವ ಭ್ರಾಮಕದ (ಅಂದರೆ ದ್ರವ್ಯರಾಶಿ ಅಕ್ಷದಿಂದ ಎಷ್ಟು ದೂರ ಹರಡಿದೆ ಎಂಬುದರ ಅಳತೆಯ) ವರ್ಗಮೂಲಕ್ಕೆ ನೇರ ಅನುಪಾತದಲ್ಲಿಯೂ ಸ್ಪ್ರಿಂಗಿನ ಬಿಗುಪಿನ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಸೂತ್ರದಲ್ಲಿ ಗುರುತ್ವವೇ ಇಲ್ಲ! ಆದ್ದರಿಂದ ಗಡಿಯಾರವನ್ನು ಹೇಗೆ ಹಿಡಿದರೂ ಅದು ಒಂದೇ ಸಮನೆ ನಡೆಯಬೇಕು.

ಹಾಗಾದರೆ ನಮ್ಮ ಹಿರಿಯರು ಹೇಳಿದ ಮಾತು ಸುಳ್ಳೇ? ಅಲ್ಲ. ಮಲಗಿಸಿದಾಗ ಬ್ಯಾಲೆನ್ಸಿನ ಅಕ್ಷ ನೆಟ್ಟಗಿದ್ದು, ಅದರ ದುಂಡನೆಯ ತುದಿಯಷ್ಟೇ ರತ್ನಕ್ಕೆ ತಾಗುತ್ತದೆ. ನಿಲ್ಲಿಸಿದಾಗ ಅಕ್ಷ ಅಡ್ಡವಾಗಿ, ಮೊನೆಯ ಬದಿ ರಂಧ್ರದ ಗೋಡೆಗೆ ಉಜ್ಜುತ್ತದೆ. ಘರ್ಷಣೆ ಹೆಚ್ಚಿ ಚಕ್ರದ ತೂಗಾಟದ ವಿಸ್ತಾರ ಕುಗ್ಗುತ್ತದೆ. ಆದರ್ಶ ಸ್ಪ್ರಿಂಗಿನಲ್ಲಿ ಇದರಿಂದ ಆವರ್ತ ಕಾಲ ಬದಲಾಗಬಾರದು. ಆದರೆ ಕವಲಿನ ಎಸ್ಕೇಪ್‌ಮೆಂಟ್ ಪ್ರತಿ ಬಡಿತದಲ್ಲೂ ಚಕ್ರವನ್ನು ಸ್ವಲ್ಪ ತಡೆಯುತ್ತದೆ. ತಳ್ಳಿನ ಬಹುಭಾಗವನ್ನು ಮಧ್ಯಬಿಂದು ದಾಟಿದ ಮೇಲೆ ಕೊಡುತ್ತದೆ. ಇವೆರಡೂ ಗಡಿಯಾರವನ್ನು ನಿಧಾನಗೊಳಿಸುತ್ತವೆ. ವಿಸ್ತಾರ ಕಡಿಮೆಯಾದಷ್ಟೂ ಈ ಪರಿಣಾಮ ಹೆಚ್ಚು. ಚಕ್ರದ ಒಂದು ಬದಿ ತುಸು ಭಾರವಾಗಿದ್ದರೆ ಅದರ ಪ್ರಭಾವವೂ ನಿಲ್ಲಿಸಿದಾಗ ಮಾತ್ರ ಕಾಣುತ್ತದೆ. ಅಜ್ಜನ ಕಿವಿ ಹೇಳಿದ್ದು ಸರಿ. ಸೂತ್ರ ಹೇಳಿದ್ದೂ ಸರಿ. ನಡುವಿನ ಈ ನಾಲ್ಕು ವಾಕ್ಯ ಹೇಳುವವರು ಯಾರೂ ಇರಲಿಲ್ಲ.

ತರಗತಿಯಲ್ಲಿ ಏನು ಮಾಡಬಹುದು?

ಹಳೆಯ ಚಾವಿ ಗಡಿಯಾರವೊಂದನ್ನು ತನ್ನಿ. ದಿನವೂ ಒಂದೇ ಹೊತ್ತಿಗೆ ಪೂರ್ತಿ ಚಾವಿ ಕೊಟ್ಟು, ಮುಖ ಮೇಲೆ, ಮುಖ ಕೆಳಗೆ, ಮತ್ತು ನಿಲ್ಲಿಸಿದ ನಾಲ್ಕು ಭಂಗಿಗಳು ಎಂದು ಆರು ದಿನ ಇಡಿ. ಮೊಬೈಲಿನ ಸಮಯಕ್ಕೆ ಹೋಲಿಸಿ ವ್ಯತ್ಯಾಸ ಬರೆದುಕೊಳ್ಳಿ. ನಮ್ಮ ಗಡಿಯಾರ ಮಲಗಿಸಿದಾಗ ದಿನಕ್ಕೆ ಸುಮಾರು 20 ಸೆಕೆಂಡು ಮುಂದೆ, ಚಾವಿ ಕೆಳಗಾಗಿ ನಿಲ್ಲಿಸಿದಾಗ ಸುಮಾರು 40 ಸೆಕೆಂಡು ಹಿಂದೆ ಇತ್ತು. ಮೊಬೈಲಿನಲ್ಲಿ ಟಿಕ್ ಸದ್ದನ್ನು ಧ್ವನಿಮುದ್ರಿಸಿ ಸೆಕೆಂಡಿಗೆ ಐದು ಬಡಿತ ಎಣಿಸಬಹುದು. ಇದ್ದಕ್ಕಿದ್ದಂತೆ ಗಡಿಯಾರ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ದಿಕ್ಸೂಚಿಯನ್ನು ಹತ್ತಿರ ತನ್ನಿ. ಮುಳ್ಳು ಅಲುಗಿದರೆ ಕಾಂತತ್ವದ ಶಂಕೆ ಬಲವಾಗುತ್ತದೆ: ಸುರುಳಿಯ ಸುತ್ತುಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗ್ ಗಿಡ್ಡದಾದಂತೆ ವರ್ತಿಸುತ್ತಿರಬಹುದು. ಇದಿಷ್ಟಕ್ಕೂ ಗಡಿಯಾರ ಬಿಚ್ಚಬೇಕಾಗಿಲ್ಲ.

ಉಷ್ಣತೆಯ ಪಾಠಕ್ಕೂ ಗಡಿಯಾರ ಒದಗುತ್ತದೆ. ಸಾಮಾನ್ಯ ಉಕ್ಕಿನ ಹೇರ್‌ಸ್ಪ್ರಿಂಗ್ ಬಿಸಿಯಾದಾಗ ಬಿಗುಪು ಕಳೆದುಕೊಂಡು, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ದಿನಕ್ಕೆ ಸುಮಾರು 10 ಸೆಕೆಂಡು ಹಿಂದೆ ಬೀಳುವಂತೆ ಮಾಡುತ್ತದೆ. 20 ಡಿಗ್ರಿ ವ್ಯತ್ಯಾಸಕ್ಕೆ ಮೂರು ನಿಮಿಷಕ್ಕೂ ಹೆಚ್ಚು. ಉಷ್ಣತೆಗೆ ಅಷ್ಟಾಗಿ ಬದಲಾಗದ ನಿಕ್ಕಲ್ ಉಕ್ಕುಗಳನ್ನು ಕಂಡುಹಿಡಿದ ಗಿಯೋಮ್ ಅವರಿಗೆ 1920ರ ಭೌತವಿಜ್ಞಾನದ ನೊಬೆಲ್ ಬಂತು. ಆಧುನಿಕ ಕೈಗಡಿಯಾರಗಳ ಹೇರ್‌ಸ್ಪ್ರಿಂಗ್ ಆ ಸಂಶೋಧನೆಯ ಫಲ.

ಬೇಕಾಗಿರುವ ಮೂರನೆಯ ಪುಸ್ತಕ

ಒಟ್ಟಿನಲ್ಲಿ ಹೇಳುವುದಾದರೆ, ಡಿ ಕಾರ್ಲ್ ಅವರ ಪುಸ್ತಕದಲ್ಲಿ ಕೈಗೆ ಬೇಕಾದ ಕ್ರಮವಿದೆ. ಕಾರಣ ಹಿಂದೆ ನಿಂತಿದೆ. ಡೇನಿಯಲ್ಸರಲ್ಲಿ ಕಾರಣವಿದೆ, ಕಾರ್ಯಾಗಾರ ನಮ್ಮದಲ್ಲ. ಶಾಲೆಯಲ್ಲಿ ಸೂತ್ರವಿದೆ, ಯಂತ್ರವಿಲ್ಲ. ಮೊಮ್ಮಗನಿಗೆ ಬೇಕಾದದ್ದು ಕನ್ನಡದಲ್ಲಿ ಬರೆದ, ನೂರು ಪುಟ ಮೀರದ ಒಂದು ಪುಸ್ತಕ. ಅದು ಒಂದೇ ಗಡಿಯಾರವನ್ನು, ಎಲ್ಲ ಊರಲ್ಲೂ ಸಿಗುವ ಎಚ್‌ಎಂಟಿ ಚಾವಿ ಗಡಿಯಾರವನ್ನು, ಎದುರಿಗಿಟ್ಟುಕೊಳ್ಳಬೇಕು. ಪ್ರತಿ ಭಾಗಕ್ಕೂ ಒಂದು ರೇಖಾಚಿತ್ರ, ಬಿಚ್ಚುವ ಕ್ರಮ, ಅದರ ಭೌತವಿಜ್ಞಾನ, ಅದು ಕೆಡುವ ಬಗೆ ಇರಬೇಕು. ಭಾಗಗಳಿಗೆ ನಮ್ಮ ರಿಪೇರಿಗಾರರು ಬಳಸುವ ಹೆಸರುಗಳನ್ನೇ ಇಡಬೇಕು. ಅದನ್ನು ಶಿಕ್ಷಕನೊಬ್ಬನೇ ಬರೆಯಲಾರ, ರಿಪೇರಿಗಾರನೊಬ್ಬನೇ ಬರೆಯಲಾರ. ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕೂರಬೇಕು.

ನಾನು ಡಿ ಕಾರ್ಲ್ ಅವರ ಪುಸ್ತಕದ ಚಿತ್ರಗಳ ಕೆಳಗೆ ಕನ್ನಡದಲ್ಲಿ ಬರೆದ ಚೀಟಿಗಳನ್ನು ಅಂಟಿಸಿ ಹುಡುಗನಿಗೆ ಕೊಟ್ಟಿದ್ದೇನೆ. ಅಜ್ಜ ಅವುಗಳಲ್ಲಿ ಎರಡನ್ನು ತಪ್ಪೆಂದು ಹರಿದು ತೆಗೆದು, ಸರಿಯಾದದ್ದನ್ನು ಮೊಮ್ಮಗನ ಕೈಯಲ್ಲೇ ಬರೆಸಿದ್ದಾರೆ. ನಿಮ್ಮ ಊರಿನ ಪೇಟೆಯಲ್ಲೂ ಅಂಥ ಮೇಜೊಂದು ಇದ್ದೀತು. ಅದು ಮಡಚುವ ಮೊದಲು, ಮುಂದಿನ ವಾರವೇ ನಿಮ್ಮ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಿರಿ. ಒಂದು ನೋಟ್‌ಬುಕ್ ಜೊತೆಗಿರಲಿ.